ಉಬ್ಬರದ ಹೊತ್ತಿನ ಅಳತೆ

ನಿನ್ನ ಕಾಗದವನ್ನು ನಾನು ಫೈಲಿಗೆ ಹಾಕಲೇ ಇಲ್ಲ, ವಿನುತಾ. ಅಂಥ ಕಾಗದ ಬಂದೇ ಇಲ್ಲ ಅಂತ ವಿಚಾರಣೆಯಲ್ಲಿ ಹೇಳಿದೆನಲ್ಲ — ಸುಳ್ಳು. ಬಂದಿತ್ತು. ನೀನೇ ಮುನಿರ್ಕಾದ ನಿನ್ನ ರೂಮಿನಿಂದ ಆಟೋ ಮಾಡಿಕೊಂಡು ಬಂದು, ನಮ್ಮ ಕಚೇರಿಯ ಗೇಟಿನಲ್ಲಿ ಗಾಲಿಕುರ್ಚಿಯಲ್ಲಿ ಕೂತೇ ನನ್ನ ಕೈಗೆ ಕೊಟ್ಟಿದ್ದೆ. ಅದನ್ನು ಮನೆಗೆ ತಂದು ಗ್ಯಾಸ್ ಒಲೆಯ ಮೇಲೆ ಸುಟ್ಟೆ. ಇಷ್ಟು ವರ್ಷ ಈ ನಾಲ್ಕು ಸಾಲು ಬರೆಯಲಾಗದೆ — ಇರಲಿ. ಈಗ ಬರೆದಾಯಿತು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ಬೇರೆಯವರೂ ಓದಬೇಕಾಗಿದೆ.

ನಡೆಯಲಾಗದವರು, ವಯಸ್ಸಾದವರು ಯಾರ ಹೆಗಲಿಗೂ ಬೀಳದೆ ತಾವೇ ದೋಣಿ, ಹಡಗು ಹತ್ತುವಂತಾಗಬೇಕು ಅಂತ ದೆಹಲಿಯಲ್ಲೊಂದು ಸಮಿತಿಯಿತ್ತು. ನಾನು ಅದರ ಫೈಲು ನೋಡಿಕೊಳ್ಳುವ ಸೆಕ್ಷನ್ ಆಫೀಸರ್. ನೀನು ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿ, ಗಾಲಿಕುರ್ಚಿಯವರ ಪರವಾಗಿ ಬಂದ ಸದಸ್ಯೆ. ಚಿತ್ರದುರ್ಗದವಳು, ಅಲ್ಲಿಯತನಕ ಕಡಲು ಕಂಡವಳಲ್ಲ. ನಾನು ಹೊನ್ನಾವರದ ಕಡೆಯವ. ನನ್ನಪ್ಪ ಹೊಳೆಬಾಯಲ್ಲಿ ದೋಣಿ ದಾಟಿಸುತ್ತಿದ್ದವನು. ಮೀಟಿಂಗಿನಲ್ಲಿ ಕನ್ನಡ ಕೇಳಿಸಿತು ಅನ್ನುವುದೊಂದೇ ಕಾರಣಕ್ಕೆ ನಾವಿಬ್ಬರೂ ಹತ್ತಿರವಾದೆವು. ಭಾನುವಾರ ನಮ್ಮ ವಸಂತ್ ಕುಂಜ್ ಮನೆಗೆ ಊಟಕ್ಕೆ ಬಂದರೆ ನೀನು ನನ್ನ ಹೆಂಡತಿ ಸರೋಜಳ ಹುರುಳಿ ಸಾರನ್ನು ಎರಡು ಸಲ ಬಡಿಸಿಕೊಳ್ಳುತ್ತಿದ್ದೆ. ನಿನಗೆ ನನ್ನ ಮೇಲಿದ್ದ ನಂಬಿಕೆ ಅಲ್ಲಿ ಬೆಳೆದದ್ದು.

ನಮ್ಮ ಸಮಿತಿ ತಪಾಸಣೆಗೆ ಹೋದ ಆ ಬಂದರಿನಲ್ಲಿ, ದ್ವೀಪಗಳಿಗೆ ಹೋಗುವವರಿಗಾಗಿ ಹೊಸ ಜೆಟ್ಟಿ ಕಟ್ಟಿದ್ದರು. ದಡದಿಂದ ಒಂದು ಕಬ್ಬಿಣದ ಸೇತುವೆ, ಅದರ ತುದಿಯಲ್ಲಿ ನೀರ ಮೇಲೆ ತೇಲುವ ಕಟ್ಟೆ. ಕಟ್ಟೆ ನೀರಿನ ಜೊತೆ ಏರುತ್ತದೆ, ಇಳಿಯುತ್ತದೆ. ಉಬ್ಬರದಲ್ಲಿ ಸೇತುವೆ ಹಲಗೆ ಹಾಸಿದಂತೆ ಸಮ; ಇಳಿತದಲ್ಲಿ ಅದೇ ಸೇತುವೆ ಕಡಿದಾದ ಜಾರು. ದೋಣಿಯವನ ಮಗನಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಬಂದರಿನವರಿಗೂ ಗೊತ್ತು. ಅದಕ್ಕೇ ದೆಹಲಿಯಿಂದ ಯಾರೇ ತಪಾಸಣೆಗೆ ಬಂದರೂ ಉಬ್ಬರದ ಹೊತ್ತನ್ನೇ ಕೊಡುತ್ತಾರೆ, ಆಮೇಲೆ ಊಟ, ಆಮೇಲೆ ವಿಮಾನ. ಆ ದಿನದ ಹೊತ್ತನ್ನು ಫೋನಿನಲ್ಲಿ ಗೊತ್ತುಮಾಡಿದವನು ನಾನೇ.

ನೀನು ಒಬ್ಬಳೇ ಕೆಳಗೆ ಹೋಗಿ ಒಬ್ಬಳೇ ಮೇಲೆ ಬಂದೆ. ಮುಖದಲ್ಲಿ ಎಂಥ ಖುಷಿ! ಆಮೇಲೆ ನನ್ನನ್ನು ಹತ್ತಿರ ಕರೆದು, ಉಳಿದವರಿಗೆ ತಿಳಿಯಬಾರದು ಅಂತಲೋ ಏನೋ, ಮೆಲ್ಲಗೆ ಕನ್ನಡದಲ್ಲಿ ಕೇಳಿದೆ: "ಸರ್, ನೀರು ಇಳಿದಾಗಲೂ ಇದು ಹೀಗೇ ಇರುತ್ತಾ?"

"ಯಾವಾಗಲೂ ಹೀಗೇ ಇರುತ್ತಮ್ಮಾ. ನಾನು ಕಡಲ ಬದಿಯವ, ನನಗೆ ಗೊತ್ತಿಲ್ವಾ?"

ಯಾಕೆ ಹಾಗಂದೆ? ಉದ್ಘಾಟನೆಯ ದಿನ ನಿಗದಿಯಾಗಿತ್ತು, ನಿಜ. ನೀರು ಇಳಿಯಲೆಂದು ಆರು ಗಂಟೆ ಕಾದರೆ ವಿಮಾನ ತಪ್ಪುತ್ತಿತ್ತು, ಅದೂ ನಿಜ. ಆದರೆ ಹಾಗೆ ಹೇಳು ಅಂತ ಯಾರೂ ನನಗೆ ಹೇಳಿರಲಿಲ್ಲ. ಗೆಸ್ಟ್‌ಹೌಸಿನಲ್ಲಿ ಬಂಗುಡೆ ಹುರಿಯುತ್ತಿದ್ದಾರೆ ಅಂತ ತಿಳಿದು ಬಾಯಲ್ಲಿ ನೀರೂರುತ್ತಿತ್ತು — ಥೂ, ಅದೂ ಒಂದು ಕಾರಣವೇ ಇರಬೇಕು. ನೀನು ತಪಾಸಣೆಯ ವರದಿಗೆ ಸಹಿ ಹಾಕಿದೆ.

ವಾರ ಕಳೆಯುವಷ್ಟರಲ್ಲಿ ನಿನಗೆ ಅನುಮಾನ ಹುಟ್ಟಿತು. ಆ ಕಾಗದದಲ್ಲಿ ನೀನು ಬರೆದಿದ್ದೆ: ಇಳಿತದ ಹೊತ್ತಿನಲ್ಲಿ ಒಮ್ಮೆ ಅಳೆಯುವವರೆಗೆ ನನ್ನ ಸಹಿಯನ್ನು ಒಪ್ಪಿಗೆ ಅಂತ ಎಣಿಸಬೇಡಿ. ಕೌಂಟರಿನಲ್ಲಿ ಕೊಟ್ಟಿದ್ದರೆ ಮೊಹರು ಬಿದ್ದು ಡೈರಿ ನಂಬರು ಹತ್ತುತ್ತಿತ್ತು, ಆಮೇಲೆ ನನ್ನಪ್ಪ ಬಂದರೂ ಅದನ್ನು ಅಳಿಸಲಾಗುತ್ತಿರಲಿಲ್ಲ. ನೀನು ಕೌಂಟರಿಗೆ ಹೋಗಲಿಲ್ಲ. ನಮ್ಮವರ ಕೈಗೇ ಕೊಡುತ್ತಿದ್ದೇನಲ್ಲ, ರಸೀದಿ ಯಾಕೆ ಅಂದೆ. ನಾನು ಅಚ್ಛಾ ಅಂತ ನಕ್ಕು ಜೇಬಿಗಿಟ್ಟುಕೊಂಡೆ.

ಎಂಟು ತಿಂಗಳಿಗೆ ಆ ಸೇತುವೆಯ ಮೇಲೆ ಒಬ್ಬ ದ್ವೀಪದವನು ಸತ್ತ. ಆಸ್ಪತ್ರೆಯಿಂದ ಊರಿಗೆ ಹೊರಟವನು. ಗಾಲಿಕುರ್ಚಿ ತಳ್ಳುತ್ತಿದ್ದವಳು ಅವನ ಹೆಂಡತಿ. ನೀರು ಪೂರ್ತಿ ಇಳಿದಿತ್ತು. ಕುರ್ಚಿ ಅವಳ ಕೈ ಕಿತ್ತುಕೊಂಡು ಓಡಿತು, ಕಟ್ಟೆಗೂ ದೋಣಿಗೂ ನಡುವೆ ಬಿತ್ತು.

ವಿಚಾರಣೆಗೆ ಆ ಹೆಂಗಸನ್ನು ದೆಹಲಿಗೆ ಕರೆಸಿದ್ದರು. ವರದಿಯಲ್ಲಿದ್ದ ನಿನ್ನ ಸಹಿಯನ್ನು ಅವಳಿಗೆ ತೋರಿಸಿದರು. ಅವಳು ಅಳಲಿಲ್ಲ. ನಿನ್ನ ಕುರ್ಚಿಯನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದ್ದನ್ನು ಒಬ್ಬರು ಹಿಂದಿಗೆ ಮಾಡಿ ಹೇಳಿದರು: "ನೀನೂ ಇದರಲ್ಲೇ ಕೂತವಳು. ನಿನಗಾದರೂ ಗೊತ್ತಾಗಲಿಲ್ವಾ?"

ನೀನು, "ನಾನು ಇವರ ಕೈಗೆ ಬರೆದುಕೊಟ್ಟಿದ್ದೆ" ಅಂದೆ. ವಿಚಾರಣೆ ನಡೆಸುತ್ತಿದ್ದ ಸಾಹೇಬರು ನನ್ನ ಕಡೆ ತಿರುಗಿದರು. ನಾನು ಫೈಲಿನ ಪುಟಗಳನ್ನು ಒಂದೊಂದಾಗಿ, ನಿಧಾನವಾಗಿ ಮಗುಚಿದೆ — ಇಲ್ಲದ್ದನ್ನು ಹುಡುಕುವ ನಾಟಕ — ಇಲ್ಲ ಸರ್, ಅಂಥದ್ದೇನೂ ಬಂದಿಲ್ಲ ಅಂದೆ. ನಿನ್ನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಗುರುತಿನವರು ಅಂತ ಕೂಗಿ ಕರೆದು, ಮುಖ ತಿರುಗಿದ ಮೇಲೆ ಬೇರೆ ಯಾರೋ ಅಂತ ತಿಳಿದವರು ನೋಡುತ್ತಾರಲ್ಲ, ಹಾಗೆ ನೋಡಿದೆ. ಆಮೇಲೆ ನಿನ್ನ ಜೊತೆಯವರೇ, ಸರ್ಕಾರಕ್ಕೆ ಸಹಿ ಮಾರಿಕೊಂಡವಳು ಅಂದರು. ನೀನು ಪಿಎಚ್‌.ಡಿ. ಬಿಟ್ಟೆ, ಮುನಿರ್ಕಾದ ರೂಮು ಬಿಟ್ಟೆ. ನನಗೆ ನಿವೃತ್ತಿಯ ದಿನ ಹಾರ ಹಾಕಿದರು.

ಹೋದ ವರ್ಷ ನಮ್ಮ ಬ್ಲಾಕಿನ ಬಾಗಿಲಿಗೆ ಸಿಮೆಂಟಿನ ಇಳಿಜಾರು ಮಾಡಿಸಿದೆವು. ನಾನೇ ಮುಂದೆ ನಿಂತು, ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬರುವಂತೆ ಅಳೆದೆ. ಪಾಪ ಕಳೆಯಿತು ಅಂತ ಒಳಗೊಳಗೇ ಬೀಗಿದೆ, ಸುಳ್ಳೇಕೆ? ಈಗ್ಗೆ ಎರಡು ತಿಂಗಳಾಗಿರಬೇಕು. ಬೆಳಿಗ್ಗೆ ಹಾಲು ತರಲು ಹೊರಟವನಿಗೆ ಇಳಿಜಾರಿನಲ್ಲಿ ಕಾಲು ಮುಂದಕ್ಕೆ ಎಳೆದಂತಾಯಿತು. ಕಂಬಿ ಹಿಡಿದು ಇಳಿದೆ. ಮಧ್ಯಾಹ್ನ ನೋಡಿದರೆ ಎಂದಿನಂತೆ ಇತ್ತು. ಸಕ್ಕರೆ ಕಾಯಿಲೆ ಅಂದುಕೊಂಡೆ. ಡಾಕ್ಟರು ಕಿವಿಯನ್ನೂ ನೋಡಿದರು, ಏನೂ ಇಲ್ಲ ಅಂದರು. ಮರುದಿನ ಮತ್ತೆ ಎಳೆಯಿತು, ಮುಕ್ಕಾಲು ಗಂಟೆಯಷ್ಟು ತಡವಾಗಿ. ಅದರ ಮರುದಿನ ಇನ್ನೂ ತಡವಾಗಿ. ಹಾಗೆ ದಿನಕ್ಕಿಷ್ಟು ತಡವಾಗುವುದು ಯಾವುದು ಅಂತ ದೋಣಿಯವನ ಮಗನಿಗೆ ಗೊತ್ತು. ಆದರೂ ಗಾರೆ ಕೆಲಸದವರ ರಸಮಟ್ಟ ತಂದು, ಗುಳ್ಳೆ ನಡುವೆ ನಿಲ್ಲುವಂತೆ ಕೆಳತುದಿಗೆ ಮರದ ಚೂರು ಕೊಟ್ಟು ಸಿಮೆಂಟಿನ ಮೇಲಿಟ್ಟೆ. ಒಳಗಿನ ಗುಳ್ಳೆ ನನ್ನ ಕಣ್ಣೆದುರೇ ನಿಧಾನವಾಗಿ ಮೇಲಿನ ತುದಿಗೆ ಸರಿದು ನಿಂತಿತು. ಫೋನಿನಲ್ಲಿ ಆ ಬಂದರಿನ ಉಬ್ಬರವಿಳಿತದ ಪಟ್ಟಿ ತೆಗೆದೆ. ಅಲ್ಲಿ ಅದು ಇಳಿತದ ಹೊತ್ತು.

ಸರೋಜಳಿಗೆ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ಇದೆಲ್ಲ ನನ್ನ ಹೆಗಲೇ ಅಂದುಕೊಂಡಿದ್ದೆ. ಮೊನ್ನೆ ತರಕಾರಿ ಭಯ್ಯಾನ ಗಾಡಿ ಬಂತು ಅಂತ ಅವಳು ಹೊರಗೆ ಹೋದಳು. ಹಗಲು ಹನ್ನೊಂದರ ಬಿಸಿಲು. ಒಂದು ಹನಿ ಮಳೆ ಕಂಡು ತಿಂಗಳುಗಳಾಗಿವೆ. ಇಳಿಜಾರಿನ ನಡುವೆ ನಿಂತು, ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡು ನನ್ನನ್ನು ಕರೆದಳು.

"ರೀ, ಇದು ಇಷ್ಟು ಕೆಳಗೆ ಯಾಕೆ ಹೋಗಿದೆ? ಕೆಳಗೆ ಯಾರೋ ಕುರ್ಚಿ ಹಿಡೀರಿ ಅಂತಿದ್ದಾರೆ."

ಅವಳನ್ನು ಹಿಡಿದು ಮೇಲೆ ತಂದೆ. ಕೆಳಗೆ ಯಾರೂ ಇರಲಿಲ್ಲ. ಒಣ ಸಿಮೆಂಟಿನ ಮೇಲೆ ಎರಡು ಗಾಲಿಯ ಒದ್ದೆ ಗೆರೆ ಇತ್ತು, ಕೆಳಗಿನವರೆಗೂ ಹೋಗಿತ್ತು. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟೆ. ಉಪ್ಪು. ಸರೋಜಳಿಗೆ ಆಗಲೇ, ಬಾಗಿಲಲ್ಲೇ ಎಲ್ಲ ಹೇಳಿದೆ. ಅವಳು ನಿನ್ನ ಹೆಸರನ್ನೊಮ್ಮೆ ಹೇಳಿ ಒಳಗೆ ಹೋದಳು.

ಹೆದರಿ ಬರೆಯುತ್ತಿದ್ದೇನೆ ಅಂತ ನಿನಗೆ ಅನಿಸಬಹುದು. ಹೌದು, ಹೆದರಿದ್ದೇನೆ. ಆದರೆ ಇದನ್ನು ಬರೆದರೆ ಆ ಇಳಿಜಾರು ನೆಟ್ಟಗಾದೀತು ಅನ್ನುವ ಆಸೆ ನನಗಿಲ್ಲ. ಈ ಮಧ್ಯಾಹ್ನವೂ ಅದು ತನ್ನ ಹೊತ್ತಿಗೆ ಸರಿಯಾಗಿ ಇಳಿಯಿತು. ನಿನ್ನೆ ಎಲ್ಲವನ್ನೂ ಹೇಳಿಕೆಯಾಗಿ ಬರೆದು, ಸಹಿ ಹಾಕಿ ಕಚೇರಿಗೆ ಕೊಟ್ಟು ಬಂದೆ. ಪಿಂಚಣಿ ನಿಲ್ಲಿಸಲಿ, ಜೈಲಿಗೆ ಹಾಕಲಿ, ಅದು ಅವರಿಗೆ ಬಿಟ್ಟದ್ದು. ಕಾಗದ ಸುಟ್ಟುಹೋಗಿರುವುದರಿಂದ ಸಾಕ್ಷಿಗೆ ಉಳಿದಿರುವುದು ನನ್ನ ಬಾಯಿ ಮಾತೊಂದೇ. ಅದನ್ನು ಇನ್ನೊಮ್ಮೆ ನಂಬು ಅಂತ ನಿನ್ನನ್ನು ಕೇಳುವ ಮುಖ ನನಗಿಲ್ಲ. ಕ್ಷಮಿಸು ಅಂತಲೂ ಕೇಳುತ್ತಿಲ್ಲ.

ದ್ವೀಪದ ಆ ಹೆಂಗಸಿಗೂ ಒಂದು ಪತ್ರ ಹಾಕಿದ್ದೇನೆ, ಅವಳ ಭಾಷೆ ಬಲ್ಲವರಿಂದ ಬರೆಸಿ. ಚಿಕ್ಕದು, ಇಷ್ಟೇ: ಅಮ್ಮಾ, ಆ ದಿನ ನೀವು ಕೇಳಿದಿರಿ, ಅವಳಿಗಾದರೂ ಗೊತ್ತಾಗಲಿಲ್ಲವಾ ಅಂತ. ಅವಳಿಗೆ ಗೊತ್ತಾಗಿತ್ತು. ಮೊದಲು ಬಾಯಲ್ಲಿ ಕೇಳಿದಳು, ಆಮೇಲೆ ಬರೆದು ಕೊಟ್ಟಳು. ಎರಡು ಸಲವೂ ಕೇಳಿದ್ದು ನನ್ನನ್ನು. ಕೆಳಗೆ ನನ್ನ ಹೆಸರು, ಮನೆಯ ವಿಳಾಸ ಬರೆದಿದ್ದೇನೆ.