ಪುಟ ತೆರೆಯುವವರೆಗೆ ನಿಂತ ದೋಣಿ

ಪುಯೆರ್ತೊ ಸಾಲ್ವಿಯಾದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆಯ ಮೇಲಿನ ಮಂಜು ದಡದ ಮನೆಗಳ ಕಂಬದವರೆಗೂ ಬಂದು ನಿಂತಿದೆ. ಊರ ಸಮಿತಿಯ ಮರದ ಮನೆಯ ಮಹಡಿಯಲ್ಲಿ ಯಿರ್ಲೆಸಾ ಮೊಸ್ಕೆರಾ ಕುರ್ಚಿ ಎಳೆದುಕೊಳ್ಳುವುದನ್ನೂ ಮರೆತು, ಕಂಪ್ಯೂಟರಿನ ಮುಂದೆ ಬಗ್ಗಿ ನಿಂತಿದ್ದಾರೆ. ತಲೆಗೆ ಸುತ್ತಿದ ಬಟ್ಟೆ ಸಡಿಲವಾಗಿ ಕಿವಿಯ ಮೇಲೆ ಜಾರಿದೆ. ಎದುರಿನ ಪರದೆಯಲ್ಲಿ ಬರೀ ಬಿಳಿ ಹಾಳೆ. ಅದರ ನೆತ್ತಿಯಲ್ಲಿ ಐನೂರ ಎರಡು ಎಂಬ ಅಂಕಿ, ಅದರ ಪಕ್ಕದಲ್ಲಿ ಎರಡು ಇಂಗ್ಲಿಷ್ ಪದ. ಬೇರೇನೂ ಇಲ್ಲ.

“ಏನಂತೆ ಅಕ್ಕ?” ಕೆಳಗಿನ ಅಂಗಡಿಯಿಂದ ತಮ್ಮ ನೆವಾಲ್ದೊ ಕೇಳುತ್ತಾನೆ. ದೋಣಿಯ ಮೋಟರು ರಿಪೇರಿ ಮಾಡುವ ಅಂಗಡಿ ಅವನದು.

“ಬಾದ್ ಗಾತೆವಾಯ್,” ‘ಬ್ಯಾಡ್ ಗೇಟ್‌ವೇ’ ಎಂಬುದನ್ನು ಯಿರ್ಲೆಸಾ ಸ್ಪ್ಯಾನಿಷ್ ಓದಿದ ಹಾಗೆ ಅಕ್ಷರ ಅಕ್ಷರ ಓದಿ ಹೇಳುತ್ತಾರೆ.

“ಅವನ್ಯಾರು, ಹೊಸ ಪಾದ್ರಿನಾ?”

ಯಿರ್ಲೆಸಾ ನಗುವುದಿಲ್ಲ. ಪಕ್ಕದಲ್ಲಿ ಬೆಲ್ಲದ ನೀರು ಆರುತ್ತಿದೆ. ಬೇಯಿಸಿದ ಬಾಳೆಕಾಯಿಯ ಮೇಲಿಟ್ಟ ಕರಿದ ಚೀಸಿಗೆ ಇರುವೆ ಹತ್ತಿದೆ.

ಆ ಬಿಳಿ ಹಾಳೆಯ ಜಾಗದಲ್ಲಿ ಇರಬೇಕಾಗಿದ್ದದ್ದು ಒಂದು ಪಟ್ಟಿ. ಚಿಬುಗಾ ಹೊಳೆ ಮತ್ತು ಅದರ ಕವಲುಗಳ ಉದ್ದಕ್ಕೂ ಚದುರಿದ ಇಪ್ಪತ್ತೆರಡು ಆರೋಗ್ಯ ಕೇಂದ್ರಗಳ ಹೆಸರು, ಪ್ರತಿ ಹೆಸರಿನ ಮುಂದೆ ಅಲ್ಲಿ ಹಾವಿನ ವಿಷಕ್ಕೆ ಕೊಡುವ ಮದ್ದು ಎಷ್ಟು ಸೀಸೆ ಉಳಿದಿದೆ ಎಂಬ ಲೆಕ್ಕ, ಆ ಲೆಕ್ಕ ಕೊಟ್ಟ ಹೊತ್ತು. ಕೇಂದ್ರದ ನರ್ಸುಗಳು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಮ್ಮ ಫೋನಿನಿಂದ ಅದನ್ನು ತುಂಬುತ್ತಾರೆ. ನಡುವೆ ಮದ್ದು ಖರ್ಚಾದರೆ ಆಗಲೇ ತಿದ್ದುತ್ತಾರೆ. ದೋಣಿಯವರು ಅದನ್ನು ನೋಡಿ ಯಾವ ಕಡೆ ಹೋಗಬೇಕೆಂದು ತೀರ್ಮಾನಿಸುತ್ತಾರೆ. ರಸ್ತೆಯೇ ಇಲ್ಲದ ಈ ಸೀಮೆಯಲ್ಲಿ ಕಚ್ಚಿಸಿಕೊಂಡವರನ್ನು ತಪ್ಪು ಕಡೆ ಕರೆದುಕೊಂಡು ಹೋದರೆ ತಿರುಗಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಜನ ಅದಕ್ಕೊಂದು ಹೆಸರನ್ನೂ ಇಟ್ಟಿಲ್ಲ. ‘ಪುಟ’ ಅಂತಾರೆ, ಅಷ್ಟೇ. ಆ ಪುಟವನ್ನು ಹಗಲೂ ರಾತ್ರಿ ಎಚ್ಚರವಾಗಿಡುವ ಕೆಲಸ ಯಿರ್ಲೆಸಾ ಅವರದು.

ಹಳೆಯ ಕಂಪ್ಯೂಟರಿನ ಡಿಸ್ಕು ತಿಂಗಳಿನಿಂದ ಕಿರುಗುಡುತ್ತಿತ್ತು. ಅದು ಸಾಯುವ ಮೊದಲೇ ಎಲ್ಲವನ್ನೂ ಹೊಸ ಯಂತ್ರಕ್ಕೆ ಸಾಗಿಸಬೇಕೆಂದು ಅವರು ಹಿಂದಿನ ದಿನ ಇಡೀ ಕೂತು ಕೆಲಸ ಮುಗಿಸಿದ್ದರು. ಸಂಜೆಗೆ ಪುಟ ಹೊಸ ಯಂತ್ರದಿಂದ ಚೆನ್ನಾಗಿಯೇ ತೆರೆಯುತ್ತಿತ್ತು. ಊಟ ಮಾಡಿ ಮಲಗಿದರು. ರಾತ್ರಿ ಕರೆಂಟು ಹೋಯಿತು. ನಸುಕಿನಲ್ಲಿ ಬಂತು. ಯಂತ್ರ ತಾನಾಗಿ ಎದ್ದಿತು, ಪುಟ ಏಳಲಿಲ್ಲ.

ಕಾರಣ ಹುಡುಕಲು ಶುರು ಮಾಡುವಷ್ಟರಲ್ಲಿ ಫೋನು ಗುಂಯ್ ಎನ್ನುತ್ತದೆ. ದೋಣಿಯ ತೊಲೆಂತಿನೊ ಕಳಿಸಿದ ಧ್ವನಿ ಸಂದೇಶ. ಲಾಸ್ ಬೊಕಾಸ್ ಎಂಬ ಕೂಡುಹೊಳೆಯ ಜಾಗದಲ್ಲಿರುವ ಶಾಲೆಯ ವೈಫೈ ಹಿಡಿದು ಮಾತಾಡಿದ್ದಾರೆ. ಹಿಂದೆ ನೀರಿನ ಸದ್ದು, ಹೆಂಗಸೊಬ್ಬಳ ಅಳು.

“ಮಗಳೇ, ಕ್ರಿಸಾಂತಾಳ ಮಗಳು ದಾರ್ಲೆನಿಸ್‌ಗೆ ಮಾಪನಾ ಹಾವು ಕಚ್ಚಿದೆ. ಭತ್ತದ ಗದ್ದೆಗೆ ಅಂತ ದೋಣಿಯಿಂದ ಕಾಲಿಟ್ಟಳು, ಅಲ್ಲೇ ಬಿದ್ದಿತ್ತು ಹಾಳಾದ್ದು. ಪಾದ ಆಗ್ಲೇ ಕುಂಬಳಕಾಯಿ ಆಗಿದೆ. ಪುಟ ತೆರೀತಾ ಇಲ್ಲ. ಮೇಲಕ್ಕೆ ಹೋಗ್ಲಾ, ಕೆಳಕ್ಕೆ ಹೋಗ್ಲಾ? ಇರೋ ಪೆಟ್ರೋಲು ಒಂದು ಕಡೆಗೆ ಮಾತ್ರ ಸಾಕು. ಬೇಗ ಹೇಳು.”

ಮೇಲೆ ಎಂದರೆ ಸಾನ್ ರೋಕೆ ಕೇಂದ್ರ, ಒಂದೂವರೆ ಗಂಟೆಯ ದಾರಿ. ಕೆಳಗೆ ಎಂದರೆ ವೀಯಾ ಕ್ಲಾರೆತ್ ಆಸ್ಪತ್ರೆ, ಹೊಳೆ ತುಂಬಿದ್ದರೂ ನಾಲ್ಕು ಗಂಟೆ. ಅಲ್ಲಿ ಮದ್ದು ಇಲ್ಲದ ದಿನ ಇಲ್ಲ.

ಯಿರ್ಲೆಸಾ ಸಾನ್ ರೋಕೆಯ ನರ್ಸ್ ಲುಸ್ ಮೆರಿಗೆ ಕರೆ ಮಾಡುತ್ತಾರೆ. ಗಂಟೆ ಬಡಿದು ಬಡಿದು ನಿಲ್ಲುತ್ತದೆ. ಮತ್ತೆ ಮಾಡುತ್ತಾರೆ. ಎತ್ತುವವರಿಲ್ಲ.

ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಈಗ ಉಳಿದಿರುವುದು ಯಂತ್ರ ಮತ್ತು ಅವರು.

ಯಾರಾದರೂ ಕೇಳಿದರೆ ಯಿರ್ಲೆಸಾ ತಮ್ಮ ಸರ್ವರ್ ಹೇಗೆ ಕೆಲಸ ಮಾಡುತ್ತದೆಂದು ಊಟದ ಅಂಗಡಿಯ ಲೆಕ್ಕದಲ್ಲಿ ವಿವರಿಸುತ್ತಾರೆ. “ಕಿಟಕಿ ಹತ್ರ ಒಬ್ಬಳು ಹುಡುಗಿ, ಒಳಗೆ ಒಬ್ಬಳು ಅಡುಗೆಯವಳು, ಅವಳ ಹಿಂದೆ ಉಗ್ರಾಣ. ನೀವು ಕೇಳೋದು ಕಿಟಕಿಯವಳನ್ನ. ಅವಳು ಒಳಗೆ ಕೂಗಿ ಹೇಳ್ತಾಳೆ. ಅಡುಗೆಯವಳು ಉಗ್ರಾಣದಿಂದ ತಂದು ಕೊಡ್ತಾಳೆ. ಐನೂರ ಎರಡು ಅಂದ್ರೆ ಕಿಟಕಿಯವಳು ಇದಾಳೆ, ಕೂಗಿದ್ರೆ ಒಳಗಿಂದ ಉತ್ತರ ಇಲ್ಲ ಅಂತ.”

ಹಾಗಾಗಿ ಮೊದಲು ಒಳಗೆ ನೋಡುತ್ತಾರೆ. ಪುಟವನ್ನು ತಯಾರಿಸುವ ಪ್ರೋಗ್ರಾಮು ಓಡುತ್ತಲೇ ಇಲ್ಲ. ಹಿಂದಿನ ದಿನ ಅದನ್ನು ಕೈಯಾರೆ ಶುರು ಮಾಡಿದ್ದರು. ಯಂತ್ರ ಎದ್ದಾಗಲೆಲ್ಲ ನೀನೂ ಏಳು ಎಂದು ಹೇಳಿಡುವುದನ್ನು ಮರೆತಿದ್ದರು. “ಕತ್ತೆ,” ಎಂದು ತಮ್ಮನ್ನೇ ಬೈದುಕೊಂಡು ಆಜ್ಞೆ ಕೊಡುತ್ತಾರೆ. ಪ್ರೋಗ್ರಾಮು ಎದ್ದು, ಮರುಕ್ಷಣ ಬೀಳುತ್ತದೆ. ಇನ್ನೊಮ್ಮೆ. ಮತ್ತೆ ಬೀಳುತ್ತದೆ.

ಇಂಥ ಹೊತ್ತಿನಲ್ಲಿ ಕೈ ಹೋದಲ್ಲೆಲ್ಲ ಒತ್ತುವವರನ್ನು ಅವರು ಕಂಡಿದ್ದಾರೆ. ಮೊದಮೊದಲು ತಾವೂ ಹಾಗೇ ಇದ್ದರು. ಈಗ ಕೈಯನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, ಯಂತ್ರ ತಾನೇ ಬರೆದಿಡುವ ಲಾಗು ಎಂಬ ದಿನಚರಿಯ ಕೊನೆಯ ಸಾಲುಗಳನ್ನು ಓದುತ್ತಾರೆ. ತುಟಿ ಅಲುಗುತ್ತದೆ. ಉಗ್ರಾಣ, ಅಂದರೆ ಲೆಕ್ಕವೆಲ್ಲ ಕೂತಿರುವ ಡೇಟಾಬೇಸು, ಬಾಗಿಲು ತೆರೆಯುತ್ತಿಲ್ಲ. ಪಾಸ್‌ವರ್ಡ್ ಕೊಡು ಅನ್ನುತ್ತಿದೆ.

ಪಾಸ್‌ವರ್ಡ್ ಅವರಿಗೆ ಗೊತ್ತು. ಅದನ್ನು ಬಳಸಿ ತಾವೇ ನೇರ ಒಳಹೊಕ್ಕು, ಸಾನ್ ರೋಕೆಯ ಸಾಲು ತೋರಿಸು ಎಂದು ಕೇಳುತ್ತಾರೆ. ಬರುತ್ತದೆ. ಸಾನ್ ರೋಕೆ: ಆರು ಸೀಸೆ. ಕೊಟ್ಟ ಹೊತ್ತು: ನಿನ್ನೆ ಸಂಜೆ.

ಮೆಟ್ಟಿಲ ಮೇಲೆ ಊರುಗೋಲಿನ ಸದ್ದು. ನೆವಾಲ್ದೊ ಮೇಲೆ ಬಂದು ಅಕ್ಕನ ಭುಜದ ಮೇಲಿಂದ ಇಣುಕುತ್ತಾನೆ.

“ಆರಿದೆಯಲ್ಲ. ಹೇಳ್ಬಿಡು, ಮೇಲಕ್ಕೆ ಹೋಗ್ಲಿ.”

“ನಿನ್ನೆ ಸಂಜೆದು ಅದು.”

“ಒಂದು ರಾತ್ರೀಲಿ ಆರು ಸೀಸೆ ಯಾರು ಕುಡೀತಾರೆ? ಅಕ್ಕ, ಅಲ್ಲಿ ಅವಳ ಕಾಲು ಊದ್ತಾ ಇದೆ.”

ಯಿರ್ಲೆಸಾ ತಿರುಗುವುದಿಲ್ಲ. “ನಿನ್ನ ಕಾಲು ಹೋಗಿದ್ದೂ ಹೀಗೇ ತಾನೆ,” ಎನ್ನುತ್ತಾರೆ.

ಒಂಬತ್ತು ವರ್ಷದ ಹಿಂದೆ ಮರ ಕಡಿಯಲು ಹೋಗಿದ್ದ ನೆವಾಲ್ದೊನಿಗೆ ಹಾವು ಕಚ್ಚಿದಾಗ, ಹತ್ತಿರದ ಕೇಂದ್ರದಲ್ಲಿ ಮದ್ದಿದೆ ಎಂದು ಯಾರೋ ಹೇಳಿದರು. ಹೇಳಿದವರು ಸುಳ್ಳು ಹೇಳಿರಲಿಲ್ಲ. ಹಿಂದಿನ ವಾರದವರೆಗೆ ಇತ್ತು. ಅಲ್ಲಿ ಖಾಲಿ ಪೆಟ್ಟಿಗೆ ನೋಡಿ, ದೋಣಿ ತಿರುಗಿಸಿ, ಇನ್ನೊಂದು ಕಡೆ ಮುಟ್ಟುವಷ್ಟರಲ್ಲಿ ಮಂಡಿಯವರೆಗೆ ಕಪ್ಪಾಗಿತ್ತು. ಆಗ ಯಿರ್ಲೆಸಾ ಜೆರಾಕ್ಸು ಮತ್ತು ಫೋನ್ ರೀಚಾರ್ಜಿನ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಕೆಲವು ವರ್ಷದ ನಂತರ ಕಿಬ್ದೊ ನಗರದ ವಿದ್ಯಾರ್ಥಿಗಳು ಸೇರಿ ಈ ಪುಟ ಬರೆದುಕೊಟ್ಟರು. ಓದು ಮುಗಿಸಿ, ಕೆಲಸ ಹುಡುಕಿಕೊಂಡು ಹೋದರು. ಅವರ ಮೇಲೆ ಯಿರ್ಲೆಸಾಗೆ ಬೇಸರವಿಲ್ಲ. “ಮಕ್ಕಳು ಒಳ್ಳೇ ಮನೆ ಕಟ್ಟಿಕೊಟ್ರು. ಸೋರಿದಾಗ ಮಾಡು ಹತ್ತೋರು ಯಾರಾದ್ರೂ ಊರಲ್ಲಿ ಇರ್ಬೇಕಲ್ಲ,” ಎನ್ನುತ್ತಾರೆ. ಹತ್ತಿದ್ದು ಅವರೇ. ಇಂಗ್ಲಿಷ್ ಬಾರದ ಅವರು ನಿಘಂಟು ಪಕ್ಕದಲ್ಲಿಟ್ಟುಕೊಂಡು, ಯಂತ್ರ ಬೈದ ಒಂದೊಂದು ಬೈಗುಳವನ್ನೂ ಬಿಡಿಸಿ ಓದಿ ಕಲಿತರು. ಕಲಿಯುವಾಗ ಮೂರು ಸಲ ಎಲ್ಲ ಅಳಿಸಿಹಾಕಿದ್ದೂ ಉಂಟು. ಊರಿನವರಲ್ಲಿ ಅರ್ಧ ಜನ ಈಗಲೂ ಆಕೆ ಮಹಡಿಯಲ್ಲಿ ಕೂತು ಸಿನಿಮಾ ನೋಡುತ್ತಾಳೆ ಅಂದುಕೊಂಡಿದ್ದಾರೆ.

ನೆವಾಲ್ದೊ, “ಹಾಗಾದ್ರೆ ಹೇಳಬೇಡ,” ಎಂದು ಬಾಗಿಲಿಗೆ ಒರಗುತ್ತಾನೆ.

ಯಿರ್ಲೆಸಾ ಫೋನಿಗೆ ಬಾಯಿಟ್ಟು ಹೇಳುತ್ತಾರೆ: “ತೊಲೆಂತಿನೊ ಮಾವ, ಮೋಟರು ನಿಲ್ಲಿಸಿ. ಎಲ್ಲಿಗೂ ಹೋಗಬೇಡಿ. ಕಾಲುಗಂಟೆ ಕೊಡಿ ನಂಗೆ. ಕಾಲಿಗೆ ಏನೂ ಕಟ್ಟಬೇಡಿ, ಕುಯ್ಯಬೇಡಿ. ಅಲುಗಾಡದ ಹಾಗೆ ಮಲಗಿಸಿ.”

ಉತ್ತರ ತಕ್ಷಣ ಬರುತ್ತದೆ. “ಕಾಲುಗಂಟೆನಾ? ನಿಂಗೆ ತಲೆ ಸರಿ ಇದೆಯಾ ಮಗಳೇ? ಇಲ್ಲಿ ಅವಳ ತಾಯಿ ನನ್ನ ಕುತ್ತಿಗೆ ಹಿಡೀತಾಳೆ.”

“ಹಿಡೀಲಿ. ಹೋಗಬೇಡಿ.”

ಲುಸ್ ಮೆರಿ ರಾತ್ರಿ ಮದ್ದು ಬಳಸಿದ್ದರೆ ಅದನ್ನು ಫೋನಿನಲ್ಲಿ ತುಂಬಿರಲೇಬೇಕು. ಸರ್ವರ್ ಸಿಗದಿದ್ದರೆ ಆ ಲೆಕ್ಕ ಫೋನಿನಲ್ಲೇ ಕಾದು ಕೂರುತ್ತದೆ, ಸಿಕ್ಕ ಕೂಡಲೇ ತಾನಾಗಿ ಬರುತ್ತದೆ. ವಿದ್ಯಾರ್ಥಿಗಳು ಹಾಗೆ ಬರೆದಿದ್ದಾರೆ. ಲುಸ್ ಮೆರಿ ಏಳದಿದ್ದರೂ ಅವರ ಫೋನು ಎದ್ದಿರುತ್ತದೆ. ಅಂದರೆ ಪುಟ ಏಳಬೇಕು.

ಪ್ರೋಗ್ರಾಮಿಗೆ ಪಾಸ್‌ವರ್ಡ್ ಯಾಕೆ ಸಿಗುತ್ತಿಲ್ಲ? ಹಿಂದಿನ ದಿನ ಅದನ್ನು ಆ ಹೊತ್ತಿಗಷ್ಟೇ ಕೈಯಲ್ಲಿ ಟೈಪ್ ಮಾಡಿದ್ದರು. ಕರೆಂಟು ಹೋದಾಗ ಯಂತ್ರದ ನೆನಪಿನಿಂದ ಅದೂ ಹೋಯಿತು. ಈಗ ಅದನ್ನು ಫೈಲಿನಲ್ಲಿ ಬರೆಯುತ್ತಾರೆ. ಒಂದು ಅಕ್ಷರ ತಪ್ಪುತ್ತದೆ. ಅಳಿಸಿ ಮತ್ತೆ ಬರೆಯುತ್ತಾರೆ. ಪ್ರೋಗ್ರಾಮನ್ನು ಎಬ್ಬಿಸುತ್ತಾರೆ. ಏಳುತ್ತದೆ. ಬೀಳುವುದಿಲ್ಲ. ಪರದೆಯಲ್ಲಿ ಇಪ್ಪತ್ತೆರಡು ಹೆಸರುಗಳೂ ಮೂಡುತ್ತವೆ.

“ಬಂತು,” ಎನ್ನುತ್ತಾನೆ ನೆವಾಲ್ದೊ.

ಯಿರ್ಲೆಸಾ ಕಾಯುತ್ತಾರೆ. ಸಾನ್ ರೋಕೆಯ ಆರು, ಆರಾಗಿಯೇ ಇದೆ. ಬೇರೆ ಯಾವ ಕೇಂದ್ರದ ಲೆಕ್ಕವೂ ಕದಲುವುದಿಲ್ಲ. ಇಪ್ಪತ್ತೆರಡು ಫೋನುಗಳಲ್ಲಿ ಒಂದಾದರೂ ಅಲುಗಬೇಕಿತ್ತು. “ಮಾವ, ನಿಮಗೆ ತೆರೀತಾ?” ಎಂದು ಕೇಳುತ್ತಾರೆ.

“ಸುಮ್ನೆ ಸುತ್ತುತಾ ಇದೆ. ಏನೂ ಇಲ್ಲ. ಮಗಳೇ, ಅವಳಿಗೆ ಒಸಡಲ್ಲಿ ರಕ್ತ ಬರ್ತಾ ಇದೆ. ನಾನು ಮೇಲಕ್ಕೆ ಹೊರಡ್ತೀನಿ.”

“ಮಾವ, ಬೇಡ.”

“ನೀನು ಇಲ್ಲಿಲ್ಲ. ಇಲ್ಲಿ ಇರೋನು ನಾನು.”

ಆಗ ನೆವಾಲ್ದೊ ಅಕ್ಕನ ಕೈಯಿಂದ ಫೋನು ಕಸಿದುಕೊಳ್ಳುತ್ತಾನೆ. “ತೊಲೆಂತಿನೊ ಮಾವ, ನಾನು, ಒಂಟಿಕಾಲ. ಅವತ್ತು ನನ್ನ ದೋಣಿಯವನೂ ಕಾಯಲಿಲ್ಲ. ಇವಳು ನಿಲ್ಲು ಅಂದ್ರೆ ನಿಲ್ಲಿ.”

ತೊಲೆಂತಿನೊ, “ಸರಿ,” ಎನ್ನುತ್ತಾರೆ. “ಆದ್ರೆ ಬೇಗ.”

ತಮ್ಮ ಪರದೆಯಲ್ಲಿ ತೆರೆಯುವ ಪುಟ ಹೊರಗಿನವರಿಗೆ ತೆರೆಯುತ್ತಿಲ್ಲ. ಹಾಗಾದರೆ ಕೆಟ್ಟಿರುವುದು ಒಳಗಲ್ಲ, ಬರುವ ದಾರಿಯಲ್ಲಿ. ಯಿರ್ಲೆಸಾ ಗೋಡೆಯ ಮೇಲೆ ಮಿನುಗುವ ರೂಟರನ್ನು ನೋಡುತ್ತಾರೆ. ಹೊರಗಿನಿಂದ ಬಂದವರನ್ನು ಇಂತಿಂಥ ನಂಬರಿನ ಯಂತ್ರಕ್ಕೆ ಕಳಿಸು ಎಂದು ಅದಕ್ಕೆ ಹೇಳಿಟ್ಟಿದ್ದರು. ಯಂತ್ರ ಹೊಸದಾಗಿ ಎದ್ದಾಗ ರೂಟರು ಅದಕ್ಕೆ ಬೇರೆ ನಂಬರು ಕೊಟ್ಟಿರಬಹುದೇ? ಕೇಳುತ್ತಾರೆ. ಹೌದು, ಕೊಟ್ಟಿದೆ. ನಸುಕಿನಿಂದ ಬಾಗಿಲು ಬಡಿದವರನ್ನೆಲ್ಲ ಅದು ಯಾರೂ ಇಲ್ಲದ ನಿನ್ನೆಯ ನಂಬರಿಗೆ ಕಳಿಸುತ್ತಾ ಕೂತಿದೆ. ಯಿರ್ಲೆಸಾ ನಂಬರು ತಿದ್ದುತ್ತಾರೆ; ಇನ್ನು ಮೇಲೆ ಈ ಯಂತ್ರಕ್ಕೆ ಇದೇ ನಂಬರು ಎಂದು ಕಟ್ಟಿಹಾಕುತ್ತಾರೆ. ಉಳಿಸು ಎಂದು ಒತ್ತುತ್ತಾರೆ.

ಒಂದು ಕೇಂದ್ರದ ಲೆಕ್ಕ ಬದಲಾಗುತ್ತದೆ. ಇನ್ನೊಂದು. ರಾತ್ರಿಯಿಡೀ ಕಾದಿದ್ದ ಲೆಕ್ಕಗಳು ಒಂದರ ಹಿಂದೆ ಒಂದು ಬಂದು ಕೂರುತ್ತವೆ. ಸಾನ್ ರೋಕೆಯ ಸಾಲು ಕಣ್ಣೆದುರೇ ಮಿಡಿದು, ಆರು ಇದ್ದಲ್ಲಿ ಸೊನ್ನೆ ನಿಲ್ಲುತ್ತದೆ.

“ಕೆಳಕ್ಕೆ ಹೋಗಿ ಮಾವ,” ಯಿರ್ಲೆಸಾ ಹೇಳುತ್ತಾರೆ. “ಸಾನ್ ರೋಕೆಯಲ್ಲಿ ಒಂದೂ ಇಲ್ಲ. ವೀಯಾ ಕ್ಲಾರೆತ್‌ಗೆ ಹೋಗಿ. ಅಲ್ಲಿ ಹದಿನಾಲ್ಕಿದೆ. ನಾನು ಅವರಿಗೆ ಹೇಳಿಡ್ತೀನಿ.”

ಮೋಟರು ಸಿಡಿದೇಳುವ ಸದ್ದು ಕೇಳಿ, ಸಂದೇಶ ಮುಗಿಯುತ್ತದೆ.

ಬಿಸಿಲು ಏರಿದ ಮೇಲೆ ಲುಸ್ ಮೆರಿ ಕರೆ ಮಾಡುತ್ತಾರೆ. ರಾತ್ರಿ ಒಬ್ಬ ಮರಗೆಲಸದವನನ್ನು ಹೊತ್ತು ತಂದಿದ್ದರಂತೆ. ಆರೂ ಸೀಸೆ ಅವನಿಗೇ ಬೇಕಾಯಿತಂತೆ. ಬೆಳಗಿನ ಜಾವ ಅವನ ರಕ್ತ ನಿಂತ ಮೇಲೆ ಅವರು ಬೆಂಚಿನ ಮೇಲೆ ಒರಗಿದವರು ಹಾಗೇ ನಿದ್ದೆ ಹೋಗಿದ್ದರು. “ನಾನು ತುಂಬಿದ್ದೆ ಯಿರ್ಲೆಸಾ, ದೇವರಾಣೆ ತುಂಬಿದ್ದೆ,” ಎಂದು ಅಳುತ್ತಾರೆ. “ಗೊತ್ತು ಕಣೆ. ಬಂತು,” ಎನ್ನುತ್ತಾರೆ ಯಿರ್ಲೆಸಾ.

ದಾರ್ಲೆನಿಸ್ ಉಳಿದಳು. ಎಡಗಾಲಿನ ಎರಡು ಬೆರಳು ಹೋದವು. ಆ ಕಾಲುಗಂಟೆ ಕಾಯದೆ ನೇರ ಕೆಳಗೆ ಹೋಗಿದ್ದರೆ ಅವೂ ಉಳಿಯುತ್ತಿದ್ದವೋ ಏನೋ ಎಂದು ಯಿರ್ಲೆಸಾ ಈಗಲೂ ಯೋಚಿಸುತ್ತಾರೆ. ಅದನ್ನು ಅವರು ಮುಚ್ಚಿಡುವುದಿಲ್ಲ. ಆವತ್ತಿನಿಂದ ವಾರಕ್ಕೊಮ್ಮೆ ತಾವೇ ಯಂತ್ರದ ಕರೆಂಟು ಕಿತ್ತು, ಮತ್ತೆ ಕೊಟ್ಟು, ಎಲ್ಲವೂ ತಾನಾಗಿ ಏಳುತ್ತದೆಯೇ ಎಂದು ನೋಡುತ್ತಾರೆ. ಲುಸ್ ಮೆರಿಯನ್ನು ಕೂರಿಸಿಕೊಂಡು ಲಾಗು ಓದುವುದನ್ನೂ ಕಲಿಸುತ್ತಿದ್ದಾರೆ. ಅದರಲ್ಲಿ ಅವರದೊಂದು ಸ್ವಾರ್ಥವೂ ಇದೆಯಂತೆ: “ಸಾನ್ ಪಾಚೊ ಹಬ್ಬಕ್ಕೆ ಕಿಬ್ದೊಗೆ ಹೋಗಿ ಎಷ್ಟು ವರ್ಷ ಆಯ್ತು. ಒಂದು ಸಲ ಹೋಗಿ, ಫೋನು ಮನೇಲಿ ಬಿಟ್ಟು, ಕಾಲು ನೋಯೋವರೆಗೆ ಕುಣೀಬೇಕು.”

ದಾರ್ಲೆನಿಸ್‌ಳ ತಾಯಿ ಕ್ರಿಸಾಂತಾ ಒಂದು ಮಧ್ಯಾಹ್ನ ಬಾಳೆಗೊನೆ ಹೊತ್ತು ಈ ಮಹಡಿ ಹತ್ತಿ ಬಂದರು. ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತು, “ನಮ್ಮನ್ನ ಕಾಯಿಸಿದೋಳು ಯಾರು?” ಎಂದು ಕೇಳಿದರು.

“ನಾನೇ ಅಮ್ಮ.”

“ಅವತ್ತು ನಿನಗೆ ಶಾಪ ಹಾಕಿದ್ದೆ. ಅವಳ ಕೈ ಸೇದಿಹೋಗಲಿ ಅಂತ. ಎಲ್ಲಿ, ಕೈ ತೋರಿಸು.”

ಯಿರ್ಲೆಸಾ ಎರಡೂ ಕೈ ಚಾಚಿದರು. ಮುದುಕಿ ಅವನ್ನು ತಿರುಗಿಸಿ ಮುರುಗಿಸಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು. “ಚೆನ್ನಾಗಿವೆ,” ಎಂದು ಬಿಟ್ಟರು. ಆಮೇಲೆ ಆ ಪುಟ ಅನ್ನೋದನ್ನ ನಾನೂ ನೋಡಬೇಕು ಎಂದರು. ಯಿರ್ಲೆಸಾ ತಮ್ಮ ಕುರ್ಚಿಯಲ್ಲಿ ಅವರನ್ನು ಕೂರಿಸಿ ಪರದೆ ತಿರುಗಿಸಿದರು. ಕ್ರಿಸಾಂತಾಗೆ ಓದಲು ಬಾರದು.

“ನಮ್ಮ ಕಡೆಯೋರು ಹೋಗೋ ಸಾನ್ ರೋಕೆ ಯಾವುದು ಇದರಲ್ಲಿ?”

ಯಿರ್ಲೆಸಾ ಬೆರಳಿಟ್ಟು ತೋರಿಸಿದರು. “ಎಂಟು ಸೀಸೆ ಇದೆ.”

“ಯಾವಾಗಿನ ಮಾತು ಅದು?”

“ಇವತ್ತು ಬೆಳಿಗ್ಗೆದು.”

“ನಿಂಗೆ ಖಾತ್ರಿ ಇದೆಯಾ?”

“ಇದೆ,” ಎಂದರು ಯಿರ್ಲೆಸಾ.