ರೆಸಾರ್ಟಿನಲ್ಲಿ ಅಪ್ಪನಿಗೆ ಎಡೆ

ಅಪ್ಪ ಹೋದ ಮೇಲೆ ಅವ್ವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೊಳೆನರಸೀಪುರದಲ್ಲಿ ನಾನು ಪಾಠ ಮಾಡುವ ಸ್ಕೂಲಿನ ಮೇಡಂ ಒಬ್ಬರು ಸಕಲೇಶಪುರದಾಚೆ ಮಳೆಕಾಡಿನ ನಡುವೆ ಇರುವ ರೆಸಾರ್ಟೊಂದನ್ನು ಬಾಯ್ತುಂಬ ಹೊಗಳಿದರು. ಎಣ್ಣೆ ಮಸಾಜು, ಧ್ಯಾನ, ಪಥ್ಯದೂಟ, ಎಂಥವರಿಗೂ ನಿದ್ದೆ ಬರುತ್ತದೆ ಎಂದರು. ವಿಚಾರಿಸಿದರೆ ಪಿತೃಪಕ್ಷವೆಂದು ದರ ಇಳಿಸಿದ್ದರು. ಆ ಹದಿನೈದು ದಿನ ನಮ್ಮ ಕಡೆ ಯಾರು ತಾನೇ ಮೋಜಿಗೆ ಹೊರಡುತ್ತಾರೆ? ಅಮಾವಾಸ್ಯೆಗೆ ಅಪ್ಪನ ಮೊದಲ ಎಡೆ. ಹಿಂದಿನ ದಿನ ಅರಕಲಗೂಡಿನ ಮನೆಗೆ ವಾಪಸ್ ಬಂದರಾಯಿತು ಎಂದುಕೊಂಡು, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಬುಕ್ ಮಾಡಿದೆ.

ಹೋದ ಕೂಡಲೇ ಫೋನು ಇಸಿದುಕೊಂಡರು. ಮನಸ್ಸಿಗೆ ವಿಶ್ರಾಂತಿ ಬೇಕಂತೆ. ಇಬ್ಬರಿಗೂ ಬಿಳಿ ನಿಲುವಂಗಿ ಕೊಟ್ಟರು. "ಇದೇನವ್ವ, ಆಸ್ಪತ್ರೆ ಬಟ್ಟೆ!" ಎಂದು ಅವ್ವ ಮುಖ ಸಿಂಡರಿಸಿದಳು. ಬೆಳಿಗ್ಗೆ ಬೂದುಗುಂಬಳದ ರಸ, ಮಧ್ಯಾಹ್ನ ಬೇಯಿಸಿದ ತರಕಾರಿ. ಕಿಟಕಿಯಾಚೆ ಎಲ್ಲಿ ನೋಡಿದರೂ ಮರ, ಮರದ ಮೇಲೆ ಮಳೆ. ಆಕಾಶ ಕಾಣದ ಹಸಿರು ನನಗೆ ಎರಡೇ ದಿನಕ್ಕೆ ಉಸಿರುಗಟ್ಟಿಸಿತು. ಅವ್ವನಿಗೆ ನಿದ್ದೆಯೂ ಬರಲಿಲ್ಲ.

ಹೊರಡುವ ದಿನ ಮ್ಯಾನೇಜರು ಕೈಮುಗಿದು ನಿಂತರು. ಹಳ್ಳ ಉಕ್ಕಿ ಸೇತುವೆ ಮುಳುಗಿದೆ, ಜೀಪು ಹೋಗುವುದಿಲ್ಲ, ಇನ್ನೆರಡು ದಿನ ಆರಾಮವಾಗಿ ಇರಿ ಎಂದರು. ಆರಾಮವಂತೆ! ಅವರ ಮೇಲೆ ಹಾರಾಡಿದೆ. ಪಾಪ, ಮಳೆಗೆ ಅವರೇನು ಮಾಡಿಯಾರು?

ಅವ್ವ ಕೂಗಾಡಲಿಲ್ಲ. ಮಂಚದ ತುದಿಯಲ್ಲಿ ಕೂತು, "ನಾಳೆ ಅಮಾಸೆ ಕಣವ್ವ. ಮನೆಗೆ ಬೀಗ ಆಕ್ಬುಟ್ಟು ಬಂದಿದೀವಿ. ನಿಮ್ಮಪ್ಪ ಬಂದು ಜಗ್ಲಿ ಮ್ಯಾಲೆ ಅಸ್ಕಂಡು ಕುಂತಿರ್ತಾರೆ" ಎಂದಳು.

ಮಾರನೇ ದಿನ ಮಧ್ಯಾಹ್ನ ಅವ್ವ ತಾನೇ ಎದ್ದಳು. ತೋಟದಿಂದ ಬಾಳೆಲೆ ತರಿಸಿದಳು. ಎಡೆಗೆಂದು ಬರುವಾಗಲೇ ಹಾಸನದಲ್ಲಿ ಕೊಂಡಿದ್ದ ಹೊಸ ಪಂಚೆಯನ್ನು ಮಡಿಕೆ ಬಿಚ್ಚದೆ ಗೋಡೆಗೊರಗಿಸಿ ಇಟ್ಟಳು. ನಾಟಿಕೋಳಿ ಸಾರು, ಮುದ್ದೆ ಇಲ್ಲದೆ ಕೈತೊಳೆಯದ ನನ್ನಪ್ಪನಿಗೆ ಬೇಯಿಸಿದ ಸೀಮೆಬದನೆ, ಮೊಳಕೆಕಾಳು, ಉಪ್ಪಿಲ್ಲದ ಗಂಜಿ. ಜೀಪಿನ ಡ್ರೈವರನ್ನು ಬೇಡಿ ತಂದ ಎರಡು ಬೀಡಿಯನ್ನು ಎಲೆಯ ತುದಿಗಿಟ್ಟಾಗ ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ನಮ್ಮಲ್ಲಿ ಎಡೆ ಇಟ್ಟು ಕೈಮುಗಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಹಿರಿಯರು ಯಾರ ಕಣ್ಣಿಗೂ ಬೀಳದೆ ಉಂಡು ಹೋಗಬೇಕು. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವುದು. ಹಾಗೇ ಅವ್ವ ಬಾಗಿಲೆಳೆದಳು. ಟಕ್ ಎಂದಿತು. ತಾನಾಗಿಯೇ ಬೀಗ ಬೀಳುವ ಬಾಗಿಲು ಅದು. ತೆಗೆಯುವ ಕಾರ್ಡು ಒಳಗೆ, ಎಡೆಯ ಪಕ್ಕದ ಮೇಜಿನ ಮೇಲಿತ್ತು.

ಹಿಡಿ ತಿರುಗಿಸಿದೆ, ಭುಜ ಕೊಟ್ಟು ತಳ್ಳಿದೆ. ಅಲುಗಲಿಲ್ಲ. ಮಳೆಯಲ್ಲಿ ಆಫೀಸಿಗೆ ಓಡಿ ಹೇಳಿ ಬಂದೆ. ಬೇರೆ ಕಾರ್ಡು ಹುಡುಕಿ ತರುತ್ತೇವೆ ಎಂದರು. ಅಷ್ಟು ಹೊತ್ತೂ ಅವ್ವ ಬಾಗಿಲಿಗೆ ಅಂಗೈ ಒತ್ತಿಕೊಂಡೇ ನಿಂತಿದ್ದಳು.

"ಐಸಿಯುನಲ್ಲೂ ಇಂಗೇ ಬಾಗ್ಲಾಕಂಡಿದ್ರು. ನಮ್ಮನ್ನ ಒಳಕ್ಕೆ ಬಿಡ್ನಿಲ್ಲ. ಅವ್ರು ಒಬ್ರೇ ಓದ್ರು. ಈಗ ನಾನೇ ಕೂಡಾಕ್ಬುಟ್ನಲ್ಲವ್ವ" ಎಂದಳು.

ಅಪ್ಪ ಸತ್ತ ದಿನವೂ ಅವ್ವ ಆ ಮಾತು ಆಡಿರಲಿಲ್ಲ. ಅವಳ ನಿದ್ದೆ ಯಾವ ಬಾಗಿಲ ಹೊರಗೆ ನಿಂತಿತ್ತೆಂದು ನನಗೆ ಆಗ ಗೊತ್ತಾಯಿತು.

ಮ್ಯಾನೇಜರು ಕೊಡೆ ಹಿಡಿದು ಬಂದು ಕಾರ್ಡು ಚಾಚಿದರು. ಅವ್ವ ಅವರ ಕೈ ತಡೆದಳು. "ತಾಳಿ ಸಾ, ಒಳಗೆ ನಮ್ಮೆಜಮಾನ್ರವ್ರೆ." ಅವರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಹಿಂದೆ ಸರಿದು ನಿಂತರು.

ಅವ್ವ ಕೆಮ್ಮಿದಳು. ಮೂರು ಸಲ ಬಾಗಿಲು ತಟ್ಟಿದಳು. ಮ್ಯಾನೇಜರು ಬಾಗಿಲು ತೆಗೆದದ್ದೇ ತಡ, ಎಡೆಯ ಕಡೆಗೂ ನೋಡದೆ ನೇರ ಹೋಗಿ, ಕೋತಿಗಳು ಬರುತ್ತವೆ ತೆಗೆಯಬೇಡಿ ಎಂದು ರೆಸಾರ್ಟಿನವರು ಹೇಳಿದ್ದ ಕಾಡಿನ ಕಡೆಯ ಗಾಜಿನ ಬಾಗಿಲನ್ನು ಪೂರ್ತಿ ಸರಿಸಿದಳು. ಮಳೆ ಒಳಕ್ಕೆ ಎರಚಿತು.

"ನೀವು ಮುಂದಾಗಿ ಓಗಿರಿ," ಎಂದಳು ಆ ಹಸಿರಿಗೆ. "ಅಳ್ಳ ಇಳುದ್ಮ್ಯಾಕೆ ನಾವು ಬತ್ತೀವಿ."