ಎರಡು ಎಡಗಣ್ಣು

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಎಡಗಣ್ಣಿದೆ. ಗಾಬರಿಯಾಗಬೇಡಿ, ಬೆಳ್ಳಿಯದು. ಸ್ಕ್ರೂಡ್ರೈವರ್ ಹುಡುಕಲು ಡ್ರಾಯರ್ ಎಳೆದಾಗಲೆಲ್ಲ ನನ್ನನ್ನೇ ದಿಟ್ಟಿಸುತ್ತದೆ. ಊರವರನ್ನೆಲ್ಲ ಅಣಕಿಸಿ ನಗಿಸಿದ್ದೇನೆ. ಇದೊಂದು ಮಾತ್ರ ಈವರೆಗೆ ನಕ್ಕಿಲ್ಲ.

ನಮ್ಮ ಸೋದರಮಾವ ಹೊಸದುರ್ಗದ ಪೇಟೆಯಲ್ಲಿ ಬೆಳ್ಳಿ ಬಂಗಾರದ ಕೆಲಸ ಮಾಡುತ್ತಿದ್ದರು. ಸುತ್ತಿನ ಹಳ್ಳಿಯವರಿಗೆ ಕಣ್ಣುಬೇನೆ ಬಂದರೆ ಮೊದಲು ಅಮ್ಮನಿಗೆ ಹರಕೆ. ವಾಸಿಯಾದ ಮೇಲೆ ಮಾವನ ಹತ್ತಿರ ಮಾಡಿಸಿದ ಬೆಳ್ಳಿಯ ಜೋಡಿ ಕಣ್ಣು ಅಮ್ಮನಿಗೆ ಕಾಣಿಕೆ. ಬಿಳಿಗುಡ್ಡೆಗೂ ಕಪ್ಪು ಪಾಪೆಗೂ ಎನಾಮಲ್ ತುಂಬಿ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಅವರ ಕಣ್ಣಿನ ಗುರುತೇ ಬೇರೆ: ಮೂಗಿನ ಕಡೆಯ ತುದಿ ಕೊಂಚ ಕೆಳಗೆ ಬಾಗಿ, ಕಿವಿಯ ಕಡೆಯದು ಮೀನಿನ ಬಾಲದಂತೆ ಮೇಲೇಳುತ್ತಿತ್ತು. ತಾಲ್ಲೂಕಿನ ಅರ್ಧ ದೇವತೆಗಳು ಲೋಕವನ್ನು ನೋಡುತ್ತಿದ್ದುದು ನಮ್ಮ ಮಾವನ ಕಣ್ಣಿನಿಂದಲೇ.

ನನ್ನ ಕೆಲಸ ಆ ಅಂಗಡಿಗೆ ಬೇರೆಯವರ ದನಿಯಲ್ಲಿ ನುಗ್ಗುವುದು. ಮೂಗಿನಲ್ಲಿ ಮಾತಾಡುವ ಅಮ್ಮನ ಗುಡಿಯ ಪೂಜಾರಪ್ಪನಂತೆ, "ಆಚಾರ್ರೇ, ಅಮ್ಮನ ಕಣ್ಣು ಸಡ್ಲ ಆಗೈತ್ರೀ" ಎನ್ನುತ್ತಿದ್ದೆ. ಮಾವ ತಲೆಯೆತ್ತಿ ನನ್ನ ಮುಖ ನೋಡಿ, "ಲೇ ಕೋತಿ, ನಿನ್ ನಾಲಿಗೀಗೆ ಬೆಸುಗೆ ಹಾಕ್ತೀನಿ ನೋಡು" ಎಂದು ನಗುತ್ತಿದ್ದರು.

ಅಂಥ ಮಾವನಿಗೇ ಕಣ್ಣಿನ ಒತ್ತಡದ ಕಾಯಿಲೆ ಬಂತು. ಕತ್ತಲೆ ಅಂಚಿನಿಂದ ಒಳಕ್ಕೆ ಸರಿಯತೊಡಗಿತು. ಹೋದದ್ದು ಬರುವುದಿಲ್ಲ, ಇರುವುದನ್ನಾದರೂ ಉಳಿಸಿಕೊಳ್ಳೋಣ ಎಂದು ದುರ್ಗದ ಡಾಕ್ಟರು ಹನಿ ಬರೆದುಕೊಟ್ಟರು. ಅತ್ತೆ ಹನಿಯ ಜೊತೆಗೆ ಹರಕೆಯನ್ನೂ ಹೊತ್ತರು. ವಾಸಿಯಾಗುವವರೆಗೆ ಕಾಯುವ ಧೈರ್ಯ ಸಾಲದೆ, ಕಣ್ಣನ್ನು ಮೊದಲೇ ಒಪ್ಪಿಸಿಬಿಡುತ್ತೇನೆ ಎಂದರು. ಮಾವ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ: "ನೀನೇ ಮಾಡಪ್ಪ. ಆದ್ರೆ ನಂಗೆ ಕಾಣೋವಾಗ್ಲೇ ಮಾಡು. ಒಂದ್ಸಲ ನೋಡ್ಬೇಕು."

ಆಗಷ್ಟೇ ನಾನು ದಾವಣಗೆರೆಯ ನಾಮಫಲಕದ ಅಂಗಡಿಯೊಂದರಿಂದ ಮೇಜಿನ ಮೇಲೆ ಕೂರುವ ಹಳೆಯ ಮಿಲ್ಲಿಂಗ್ ಮಿಷಿನ್ ತಂದಿದ್ದೆ. ಕಂಪ್ಯೂಟರಿನಲ್ಲಿ ಬರೆದ ಗೆರೆಯನ್ನೇ ಹಿಡಿದು ಸೂಜಿಯಂಥ ಬಿಟ್ ಗಿರಗಿರ ತಿರುಗುತ್ತ ಲೋಹ ಕೊರೆಯುತ್ತದೆ. ಕೊರೆದ ಗುಳಿಗೆ ಬಣ್ಣ ಬೆರೆಸಿದ ಅಂಟು ಸುರಿದರೆ ಸಾಕು, ಬೆಂಕಿಯ ಮುಖವನ್ನೇ ಕಾಣದೆ ಎನಾಮಲ್ಲಿನಂತೆ ಹೊಳೆಯುತ್ತದೆ. ಕೈಯನ್ನು ಅಣಕಿಸುವ ಮಿಷಿನ್, ಎನಾಮಲ್ಲನ್ನು ಅಣಕಿಸುವ ಅಂಟು, ಊರನ್ನು ಅಣಕಿಸುವ ನಾನು. ನಮ್ಮ ಜಾತಕ ಚೆನ್ನಾಗಿ ಕೂಡಿತು.

ಮಾವ ಮಾಡಿದ್ದ ಹಳೆಯ ಕಣ್ಣೊಂದನ್ನು ನೋಡಿ ಬರೆದೆ. ಒಂದಾದ ಮೇಲೊಂದು ಕೊರೆಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಬೀಗುತ್ತ ಅವರ ಅಂಗೈಯಲ್ಲಿಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಸವರಿದರು.

"ಚೆನ್ನಾಗವೆ. ಆದ್ರೆ ಎಲ್ಡೂ ಎಡಗಣ್ಣೇ ಅವಲ್ಲೋ."

ಚಿತ್ರವನ್ನು ತಿರುವಿ ಹಾಕಬೇಕೆಂಬುದು ಮಿಷಿನ್ನಿಗೆ ಗೊತ್ತಿಲ್ಲ. ನನಗೆ ಗೊತ್ತಿರಬೇಕಿತ್ತು. "ನಿನ್ ಮಿಷಿನ್ನಿಗೆ ಒಂದು ಕನ್ನಡಿ ತಂದ್ಕೊಡೋ" ಎಂದರು ಅತ್ತೆ.

ಎರಡು ನಿಮಿಷದ ಕೆಲಸವೆಂದು ತಿರುವಿ ಹಾಕಿದೆ, ಬಿಟ್ ಮುರಿಯಿತು. ದಾವಣಗೆರೆಗೆ ಹೋಗಿ ತರಬಹುದಿತ್ತು. ಹೋಗಲಿಲ್ಲ. ಕೊರಿಯರ್‌ನವನ ದನಿಯಲ್ಲಿ "ನಾಳೆ ಬರ್ತೈತೆ ಬಿಡ್ರಿ ಸಾರ್" ಎಂದು ಮಾವನನ್ನು ನಗಿಸುತ್ತ ಮೂರು ವಾರ ಕಳೆದೆ. ಬಲಗಣ್ಣು ತಯಾರಾದ ದಿನ ಅವರು ಅದನ್ನು ಬಾಗಿಲಿನತ್ತ ಹಿಡಿಯಲೇ ಇಲ್ಲ. ಹೆಬ್ಬೆರಳಿನಿಂದ ಸವರಿ, "ಈಗ ಜೋಡಿ ಆತು. ಕಪ್ಪು ತುಂಬಿದೀಯ ತಾನೆ?" ಎಂದರು.

ಅತ್ತೆ ಆ ಜೋಡಿಯನ್ನು ಅಮ್ಮನಿಗೆ ಒಪ್ಪಿಸಿಯೇ ಬಂದರು. "ಹರಕೆ ಹೊತ್ತಿದ್ದು ನಾನು. ವಾಸಿ ಮಾಡ್ತೀನಿ ಅಂತ ಅವಳೇನು ಒಪ್ಕಂಡಿರ್ಲಿಲ್ಲ." ಹೆಚ್ಚಾದ ಎಡಗಣ್ಣು ನನ್ನ ಡ್ರಾಯರ್ ಸೇರಿತು.

ಕೆಲವು ದಿನಗಳ ಮೇಲೆ, ಹಳೇ ಚಾಳಿ ನೋಡಿ, ಪೂಜಾರಪ್ಪನ ಮೂಗಿನಲ್ಲಿ "ಆಚಾರ್ರೇ" ಎನ್ನುತ್ತ ಅಂಗಡಿಗೆ ನುಗ್ಗಿದೆ. ಮಾವ ಗಡಬಡಿಸಿ ಎದ್ದರು. ಹೆಗಲ ಟವೆಲ್ ತೆಗೆದು, ನಾನಿಲ್ಲದ ಕಡೆಗೆ ಕೈಮುಗಿದು, "ಬರ್ರಿ ಪೂಜಾರಪ್ಪಾರೆ, ಕುಂತ್ಕಳ್ರಿ. ಅಮ್ಮನಿಗೆ ನಮ್ ಹುಡುಗ ಮಾಡಿದ ಕಣ್ಣು ಸರಿಯಾಗಿ ಒಪ್ತಾವಾ?" ಎಂದರು.

ಅಷ್ಟು ಯಶಸ್ವಿಯಾಗಿ ನಾನು ಯಾವತ್ತೂ ಅಣಕಿಸಿರಲಿಲ್ಲ. "ಒಪ್ತಾವೆ" ಎಂದು ಅದೇ ಮೂಗಿನಲ್ಲಿ ಹೇಳಿ ಹೊರಗೆ ಬಂದೆ. ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತು, ನನ್ನದೇ ದನಿಯಲ್ಲಿ "ಮಾವ" ಎನ್ನುತ್ತ ಮತ್ತೆ ಒಳಗೆ ಹೋದೆ.

"ಯಾರು?" ಎಂದರು ಮಾವ.

ಅವರ ಮುಂದೆ ಆ ದನಿಯನ್ನು ನಾನು ಬಳಸಿದ್ದೇ ಅಷ್ಟು ಕಡಿಮೆ. ಈಗ ದಿನಾ ಹೋಗಿ ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ ಸರಿಯಾಗಿ ಬಂದಿಲ್ಲ.